ಒಂದನೇ ಪಿಕ್‌ಗೆ 3000 ಪಾಯಿಂಟ್: ಈ ರೇಟು ಬಂದಿದ್ದು ಎಲ್ಲಿಂದ?

ಪ್ರಶ್ನೆ: ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ ಒಂದೇ ಒಂದು ಪಿಕ್‌ಗಾಗಿ ಮೂರು ನಾಲ್ಕು ಪಿಕ್ ಕೊಟ್ಟುಬಿಡುತ್ತಾರಲ್ಲ, ಈ ವ್ಯಾಪಾರ ಗಿಟ್ಟುತ್ತೋ ಇಲ್ವೋ ಅಂತ ತಂಡದವರು ಹೇಗೆ ಲೆಕ್ಕ ಹಾಕುತ್ತಾರೆ?

ಏಪ್ರಿಲ್ ಕೊನೆಗೆ ಡ್ರಾಫ್ಟ್ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಸುಲಭದ ಉತ್ತರ: ಅವರ ಹತ್ತಿರ ಒಂದು ಪಟ್ಟಿ ಇದೆ, ಅದನ್ನು ನೋಡಿ ಲೆಕ್ಕ ಹಾಕುತ್ತಾರೆ. ಆದರೆ ಆ ಪಟ್ಟಿ ಹೇಳುವುದು ಏನನ್ನು ಅನ್ನೋದೇ ಮಜಾ ಇರುವ ವಿಷಯ.

ಹೊಸಬರಿಗೆ ಒಂದು ಮಾತು. ಎನ್‌ಎಫ್‌ಎಲ್ ಅಂದರೆ ಅಮೆರಿಕನ್ ಫುಟ್‌ಬಾಲ್‌ನ ಲೀಗ್. ಕಾಲೇಜು ಮುಗಿಸಿ ಬರುವ ಹುಡುಗರನ್ನು 32 ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳುತ್ತವೆ, ಒಟ್ಟು 7 ಸುತ್ತು. ಇದೇ ಡ್ರಾಫ್ಟ್, ಅದರ ಒಂದೊಂದು ಸರದಿಯೂ ಒಂದು ಪಿಕ್. ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ. ನಮ್ಮ ಐಪಿಎಲ್ ಹರಾಜಿನ ಹಾಗೆ ದುಡ್ಡು ಏರಿಸಿ ಆಟಗಾರನನ್ನು ಕೊಳ್ಳುವ ಹಾಗಿಲ್ಲ. ನಿಮ್ಮದಕ್ಕಿಂತ ಮೊದಲಿನ ಸರದಿ ಬೇಕಾ? ನಿಮ್ಮ ಹತ್ತಿರ ಇರುವ ಪಿಕ್‌ಗಳನ್ನು ಅಥವಾ ಆಟಗಾರರನ್ನು ಕೊಟ್ಟು ತಗೊಳ್ಳಬೇಕು.

ಈಗ ಪಟ್ಟಿಯ ಕಥೆ. 1989ರಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡ ಹರ್ಶೆಲ್ ವಾಕರ್ ಎಂಬ ದೊಡ್ಡ ಆಟಗಾರನನ್ನು ಮಿನೆಸೋಟ ವೈಕಿಂಗ್ಸ್‌ಗೆ ಕೊಟ್ಟು ರಾಶಿ ರಾಶಿ ಪಿಕ್ ತಗೊಂಡಿತು. ಕೈ ತುಂಬಾ ಪಿಕ್ ಇದೆ, ಯಾವುದಕ್ಕೆ ಎಷ್ಟು ಕೇಳಬೇಕು ಅಂತ ಗೊತ್ತಿಲ್ಲ. ಆಗ, 1991ರಲ್ಲಿ, ಮಾಲೀಕ ಜೆರ್ರಿ ಜೋನ್ಸ್ ಅವರ ತೈಲ ವ್ಯವಹಾರದ ಪಾಲುದಾರ ಮೈಕ್ ಮೆಕಾಯ್ ಹಿಂದಿನ ಕೆಲವು ವರ್ಷಗಳ ಟ್ರೇಡ್‌ಗಳನ್ನೆಲ್ಲ ಹರಡಿಕೊಂಡು ಪ್ರತಿ ಪಿಕ್‌ಗೂ ಇಷ್ಟು ಪಾಯಿಂಟ್ ಅಂತ ಬರೆದರು. ಹೆಸರು ಬಂದಿದ್ದು ಮಾತ್ರ ಕೋಚ್ ಜಿಮ್ಮಿ ಜಾನ್ಸನ್‌ಗೆ. ಇವತ್ತಿಗೂ ಅದು ಜಿಮ್ಮಿ ಜಾನ್ಸನ್ ಚಾರ್ಟ್. ಒಂದನೇ ಪಿಕ್‌ಗೆ 3000, ಎರಡನೆಯದಕ್ಕೆ 2600, ಹತ್ತನೆಯದಕ್ಕೆ 1300, 32ನೆಯದಕ್ಕೆ ಬರೀ 590.

ಗಮನಿಸಿ, ಮೆಕಾಯ್ ಅಳೆದಿದ್ದು ಆಟಗಾರರನ್ನಲ್ಲ, ಜನ ಕೊಟ್ಟ ಬೆಲೆಯನ್ನು. ಪಕ್ಕದ ಸೈಟು ಎಷ್ಟಕ್ಕೆ ಹೋಯ್ತು ಅಂತ ವಿಚಾರಿಸಿ ನಮ್ಮ ಸೈಟಿಗೆ ರೇಟು ಹೇಳುತ್ತೀವಲ್ಲ, ಹಾಗೆ. ಆ ಜಾಗದಲ್ಲಿ ಬೋರ್ ಕೊರೆದರೆ ನೀರು ಬರುತ್ತಾ ಅನ್ನೋದು ಆ ರೇಟಿನಲ್ಲಿ ಇಲ್ಲ.

2017ರ ಡ್ರಾಫ್ಟ್ ನೋಡಿ. ಮೂರನೇ ಸರದಿಯಲ್ಲಿದ್ದ ಶಿಕಾಗೊ ಬೇರ್ಸ್ ಒಂದೇ ಒಂದು ಸ್ಥಾನ ಮೇಲೆ ಹೋಗಲು 67ನೇ ಪಿಕ್, 111ನೇ ಪಿಕ್, ಜೊತೆಗೆ ಮುಂದಿನ ವರ್ಷದ ಮೂರನೇ ಸುತ್ತಿನ ಪಿಕ್ಕನ್ನೂ ಸ್ಯಾನ್ ಫ್ರಾನ್ಸಿಸ್ಕೊಗೆ ಕೊಟ್ಟಿತು. ಎರಡಕ್ಕೂ ಮೂರಕ್ಕೂ ಚಾರ್ಟ್‌ನಲ್ಲಿ 400 ಪಾಯಿಂಟ್ ವ್ಯತ್ಯಾಸ. ಕೊಟ್ಟಿದ್ದು 255 ಮತ್ತು 72, ಅಂದರೆ 327, ಮೇಲೆ ಆ ಮುಂದಿನ ವರ್ಷದ್ದು. ಲೆಕ್ಕ ಹೆಚ್ಚುಕಡಿಮೆ ಸರಿಹೋಯಿತು. ಅದೇ ದಿನ ಕ್ಯಾನ್ಸಸ್ ಸಿಟಿ ಚೀಫ್ಸ್ ತನ್ನ 27ನೇ ಪಿಕ್, 91ನೇ ಪಿಕ್ ಮತ್ತು ಮುಂದಿನ ವರ್ಷದ ಮೊದಲ ಸುತ್ತಿನ ಪಿಕ್ ಕೊಟ್ಟು ಬಫಲೊದಿಂದ ಹತ್ತನೇ ಸರದಿ ತಗೊಂಡಿತು. 680 ಮತ್ತು 136, ಒಟ್ಟು 816. ಉಳಿದ 484 ಮುಂದಿನ ವರ್ಷದ ಬಾಬ್ತು. ಇದೂ ನ್ಯಾಯವಾದ ವ್ಯಾಪಾರವೇ. ಬೇರ್ಸ್‌ಗೆ ಸಿಕ್ಕಿದ್ದು ಮಿಚೆಲ್ ಟ್ರುಬಿಸ್ಕಿ, ನಾಲ್ಕು ಸೀಸನ್‌ಗೆ ತಂಡದಿಂದ ಹೊರಗೆ. ಚೀಫ್ಸ್‌ಗೆ ಸಿಕ್ಕಿದ್ದು ಪ್ಯಾಟ್ರಿಕ್ ಮಹೋಮ್ಸ್, ಮುಂದೆ ತಂಡವನ್ನು ಚಾಂಪಿಯನ್ ಮಾಡಿದವರು. ಹೋಗಲಿ, ಪಾಯಿಂಟ್ ಬಾಚಿಕೊಂಡ ಸ್ಯಾನ್ ಫ್ರಾನ್ಸಿಸ್ಕೊ ಆದರೂ ಗೆದ್ದಿತಾ? ಆ 67ನೇ ಪಿಕ್ಕನ್ನು ಅವರು ನ್ಯೂ ಆರ್ಲಿಯನ್ಸ್‌ಗೆ ದಾಟಿಸಿದರು, ನ್ಯೂ ಆರ್ಲಿಯನ್ಸ್‌ನವರು ಅದರಲ್ಲಿ ಆಲ್ವಿನ್ ಕಮಾರ ಅವರನ್ನು ಆರಿಸಿಕೊಂಡರು! ಆ ವರ್ಷದ ಅತ್ಯುತ್ತಮ ಹೊಸ ಆಟಗಾರ ಪ್ರಶಸ್ತಿ, ಆಕ್ರಮಣ ವಿಭಾಗದ್ದು, ಅವರಿಗೇ ಹೋಯಿತು.

ಇದನ್ನು ಬರೀ ಅದೃಷ್ಟ ಅಂತ ಬಿಡದೆ ಕೂತು ಲೆಕ್ಕ ಹಾಕಿದವರು ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್. ಥೇಲರ್ ಅಂದರೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಒಂದೇ ಜಾಗದಲ್ಲಿ ಆಡುವ ಇಬ್ಬರಲ್ಲಿ ಮೊದಲು ಆಯ್ಕೆಯಾದವನೇ ಅವನ ನಂತರ ಆಯ್ಕೆಯಾದವನಿಗಿಂತ ಚೆನ್ನಾಗಿ ಆಡುವ ಸಾಧ್ಯತೆ ಅವರ ಲೆಕ್ಕದಲ್ಲಿ ನೂರಕ್ಕೆ ಸುಮಾರು 52. ನಾಣ್ಯ ಚಿಮ್ಮಿದರೆ 50! ಜೊತೆಗೆ ಸಂಬಳವನ್ನೂ ಕಳೆದು ನೋಡಿದರೆ, ತಂಡಕ್ಕೆ ನಿಜವಾಗಿ ಉಳಿತಾಯ ಮಾಡಿಕೊಡುವುದು ತುತ್ತತುದಿಯ ಪಿಕ್‌ಗಳಲ್ಲ, ಮೊದಲ ಸುತ್ತಿನ ಕೊನೆ ಮತ್ತು ಎರಡನೇ ಸುತ್ತಿನ ಪಿಕ್‌ಗಳು.

ಆ ಲೆಕ್ಕ ಹಳೇ ಸಂಬಳದ ಕಾಲದ್ದಲ್ವಾ ಅಂತ ನೀವು ಕೇಳಬಹುದು. ನ್ಯಾಯವಾದ ಮಾತು. 2010ರ ಒಂದನೇ ಪಿಕ್ ಸ್ಯಾಮ್ ಬ್ರಾಡ್‌ಫರ್ಡ್‌ಗೆ 6 ವರ್ಷಕ್ಕೆ 7.8 ಕೋಟಿ ಡಾಲರ್ ಒಪ್ಪಂದ. 2011ರಲ್ಲಿ ಹೊಸಬರ ಸಂಬಳಕ್ಕೆ ಮಿತಿ ಬಂತು, ಆ ವರ್ಷದ ಒಂದನೇ ಪಿಕ್ ಕ್ಯಾಮ್ ನ್ಯೂಟನ್‌ಗೆ ಸಿಕ್ಕಿದ್ದು 4 ವರ್ಷಕ್ಕೆ ಸುಮಾರು 2.2 ಕೋಟಿ. ಹಾಗಾಗಿ ಒಳ್ಳೆ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ತಂಡದ ಆಕ್ರಮಣ ನಡೆಸುವ ಮುಖ್ಯ ಆಟಗಾರ) ಸಿಕ್ಕಿದರೆ ಈಗ ಒಂದನೇ ಪಿಕ್ ಮೊದಲಿಗಿಂತ ಅಗ್ಗ. ಆಟಗಾರರು ಮುಂದೆ ಎಷ್ಟು ಸಂಬಳ ಗಿಟ್ಟಿಸಿದರು, ಎಷ್ಟು ಆಡಿದರು ಅಂತ ನೋಡಿ ಮಾಡಿದ ಹೊಸ ಪಟ್ಟಿಗಳೂ ಇವೆ. ಅವುಗಳಲ್ಲಿ ಬೆಲೆ ಹಳೇ ಚಾರ್ಟ್‌ನಷ್ಟು ಕಡಿದಾಗಿ ಇಳಿಯುವುದಿಲ್ಲ.

ಹಾಗಿದ್ದರೂ ಹಳೇ ಚಾರ್ಟ್ ಯಾಕೆ ಸತ್ತಿಲ್ಲ? ಸರದಿ ಬಂದಾಗ ಕೈಯಲ್ಲಿರುವುದು ಕೆಲವೇ ನಿಮಿಷ. ಫೋನಿನ ಆ ಕಡೆಯವರಿಗೂ ಗೊತ್ತಿರುವ ಒಂದು ರೇಟು ಇದ್ದರೆ ಮಾತು ಬೇಗ ಮುಗಿಯುತ್ತದೆ, ಅಷ್ಟೇ.

ನನಗೆ ವಿಚಿತ್ರ ಅನಿಸುವುದು ಮುಂದಿನ ವರ್ಷದ ಪಿಕ್‌ಗೆ ಕಟ್ಟುವ ಬೆಲೆ. ರೂಢಿಯಲ್ಲಿ ಒಂದು ಸುತ್ತು ಕೆಳಗೆ ಲೆಕ್ಕ: ಮುಂದಿನ ವರ್ಷದ ಮೊದಲ ಸುತ್ತು ಅಂದರೆ ಈ ವರ್ಷದ ಎರಡನೇ ಸುತ್ತು. ಮ್ಯಾಸಿ ಮತ್ತು ಥೇಲರ್ ಪ್ರಕಾರ ಇದು ವರ್ಷಕ್ಕೆ ನೂರಕ್ಕೆ ನೂರಕ್ಕಿಂತ ಜಾಸ್ತಿ ಬಡ್ಡಿ. ಮೀಟರ್ ಬಡ್ಡಿಯವರೂ ನಾಚಿಕೊಳ್ಳಬೇಕು! ಆದರೆ ಸಾಲ ಮಾಡುವವನ ಕಡೆಯಿಂದ ನೋಡಿ. ಈ ವರ್ಷ ಗೆಲ್ಲದಿದ್ದರೆ ಪಿಕ್ ಕೊಟ್ಟ ತಂಡದ ಮ್ಯಾನೇಜರ್‌ಗೆ ಮುಂದಿನ ವರ್ಷ ಕೆಲಸವೇ ಇರುವುದಿಲ್ಲ, ಸಾಲ ತೀರಿಸುವವರು ಬೇರೆ ಯಾರೋ.

2023ರಲ್ಲಿ ಕ್ಯಾರೊಲೈನ ಪ್ಯಾಂಥರ್ಸ್ ಹೀಗೇ ಮಾಡಿತು. ಬೇರ್ಸ್‌ನಿಂದ ಒಂದನೇ ಪಿಕ್ ತಗೊಂಡು 9ನೇ ಪಿಕ್, 61ನೇ ಪಿಕ್, ಡಿ.ಜೆ. ಮೂರ್ ಎಂಬ ಆಟಗಾರ, 2024ರ ಮೊದಲ ಸುತ್ತು, 2025ರ ಎರಡನೇ ಸುತ್ತು, ಇಷ್ಟನ್ನೂ ಕೊಟ್ಟಿತು. ಆ 2024ರ ಪಿಕ್‌ಗೆ ರೂಢಿಯ ರೇಟಿನಲ್ಲಿ ಹಾಕಿದರೆ ನಾನೂರು ಚಿಲ್ಲರೆ ಪಾಯಿಂಟ್. ಆ ಸೀಸನ್‌ನಲ್ಲಿ ಪ್ಯಾಂಥರ್ಸ್ 17ರಲ್ಲಿ 2 ಪಂದ್ಯ ಗೆದ್ದು ಕಟ್ಟಕಡೆಗೆ ನಿಂತಿತು. ಹಾಗಾಗಿ ಆ ಪಿಕ್ ಮತ್ತೆ ಒಂದನೇ ಪಿಕ್ ಆಯಿತು, 3000 ಪಾಯಿಂಟ್‌ನದ್ದು. ಬೇರ್ಸ್ ಅದರಲ್ಲಿ ಕೇಲಬ್ ವಿಲಿಯಮ್ಸ್ ಅವರನ್ನು ಆರಿಸಿಕೊಂಡರು.