ಸಲ್ಫ್ಯೂರಿಕ್ ಆಮ್ಲ: ನೀರು ಕೊನೆಗೇ ಯಾಕೆ?

ಸಲ್ಫ್ಯೂರಿಕ್ ಆಮ್ಲ ತಯಾರಿಸುವ ಸಂಪರ್ಕ ವಿಧಾನದ ಮೊದಲ ಎರಡು ಹೆಜ್ಜೆ ಬೇಗ ತಲೆಗೆ ಹತ್ತುತ್ತವೆ. ಗಂಧಕ ಸುಟ್ಟರೆ ಸಲ್ಫರ್ ಡೈಆಕ್ಸೈಡ್. ಅದನ್ನು ಗಾಳಿಯ ಜೊತೆ ವೆನೇಡಿಯಂ ಪೆಂಟಾಕ್ಸೈಡ್ ವೇಗವರ್ಧಕದ ಮೇಲೆ ಸುಮಾರು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಾಯಿಸಿದರೆ ಸಲ್ಫರ್ ಟ್ರೈಆಕ್ಸೈಡ್. ಈ ಕ್ರಿಯೆ ಶಾಖ ಬಿಡುತ್ತದೆ. ಹಾಗಾಗಿ ತಾಪ ಕಡಿಮೆಯಿದ್ದಷ್ಟೂ ಇಳುವರಿ ಜಾಸ್ತಿ, ಆದರೆ ತೀರಾ ಕಡಿಮೆಯಾದರೆ ಕ್ರಿಯೆ ತೆವಳುತ್ತದೆ. 450 ಎರಡರ ನಡುವಿನ ರಾಜಿ.

ತೊಡಕು ಮೂರನೆಯದರಲ್ಲಿ. ಟ್ರೈಆಕ್ಸೈಡ್‌ಗೆ ನೀರು ಸೇರಿದರೆ ಆಮ್ಲ, ಸರಿ. ಆದರೆ ಕಾರ್ಖಾನೆಯಲ್ಲಿ ಅದನ್ನು ಮೊದಲು 98% ಆಮ್ಲದಲ್ಲಿ ಕರಗಿಸಿ ಓಲಿಯಂ ಮಾಡುತ್ತಾರೆ, ಆಮೇಲೆ ನೀರು ಸೇರಿಸುತ್ತಾರೆ. ಕೊನೆಗೆ ನೀರು ಹಾಕುವುದೇ ಆದರೆ ಮೊದಲೇ ಹಾಕಬಹುದಿತ್ತಲ್ಲ? ನನ್ನನ್ನು ತುಂಬ ಕಾಡಿದ ಪ್ರಶ್ನೆ ಇದು. ಪುಸ್ತಕಗಳು 'ಮಂಜು ಉಂಟಾಗುತ್ತದೆ' ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ.

ನೀರಿನ ಮೇಲೆ ಯಾವಾಗಲೂ ನೀರಾವಿ ಇರುತ್ತದೆ, ಅಲ್ವಾ? ಟ್ರೈಆಕ್ಸೈಡ್ ಅನಿಲ ನೀರನ್ನು ಮುಟ್ಟುವ ಮೊದಲೇ ಆ ಆವಿಯ ಜೊತೆ ಸೇರಿ, ಆಮ್ಲ ಗಾಳಿಯಲ್ಲೇ ಹುಟ್ಟಿಬಿಡುತ್ತದೆ. ಕ್ರಿಯೆಯ ಶಾಖಕ್ಕೆ ಇನ್ನಷ್ಟು ನೀರು ಆವಿಯಾಗಿ ಮಂಜು ಇನ್ನೂ ದಟ್ಟವಾಗುತ್ತದೆ. ಆ ಹನಿಗಳು ಎಷ್ಟು ಸಣ್ಣವೆಂದರೆ, ಕೆಳಗಿನ ನೀರಿಗೆ ಸೇರದೆ ಅನಿಲದ ಜೊತೆ ತೇಲಿಕೊಂಡು ಚಿಮಣಿಯಿಂದ ಹೊರಗೆ ಹೋಗುತ್ತವೆ. 98% ಆಮ್ಲದ ಮೇಲಾದರೆ ನೀರಾವಿ ಇಲ್ಲವೆನ್ನುವಷ್ಟು ಕಡಿಮೆ. ಅನಿಲ ನೇರವಾಗಿ ದ್ರವದೊಳಗೆ ಇಳಿಯುತ್ತದೆ. ಓಲಿಯಂ ಹೇಗೂ ದ್ರವ, ಅದಕ್ಕೆ ನೀರು ಸೇರಿಸುವಾಗ ಹುಟ್ಟುವ ಶಾಖ ಅಷ್ಟೂ ಆಮ್ಲದಲ್ಲಿ ಹರಡುತ್ತದೆ, ತಂಪು ಮಾಡಲೂ ಆಗುತ್ತದೆ.

ಅಣುಗಳ ಲೆಕ್ಕ ಹೀಗೆ ನೆನಪಿಡಿ: ಒಂದು ಟ್ರೈಆಕ್ಸೈಡ್, ಒಂದು ಆಮ್ಲ ಸೇರಿ ಒಂದು ಓಲಿಯಂ. ಅದಕ್ಕೆ ಒಂದು ನೀರು ಸೇರಿದರೆ ಎರಡು ಆಮ್ಲ. ಹಾಕಿದ ಆಮ್ಲ ವಾಪಸ್ ಬಂತು, ಮೇಲೆ ಒಂದು ಹೊಸದು. ಸಮೀಕರಣ ಬಾಯಿಪಾಠವೇ ಬೇಡ.

ಗುಣಗಳಲ್ಲಿ ಮುಖ್ಯವಾದದ್ದು ನೀರಿನ ದಾಹ. ಸಾರೀಕೃತ ಆಮ್ಲ ಸಕ್ಕರೆಯಿಂದಲೂ ನೀರನ್ನು ಕಿತ್ತು ಕಪ್ಪು ಇಂಗಾಲ ಉಳಿಸುತ್ತದೆ. ತೆಳು ಮಾಡುವಾಗ ಆಮ್ಲವನ್ನೇ ನೀರಿಗೆ, ನಿಧಾನವಾಗಿ, ಕಲಕುತ್ತಾ ಹಾಕಬೇಕು. ಅದರ ಬದಲು ಆಮ್ಲಕ್ಕೆ ನೀರು ಹಾಕಿದರೆ ಹಗುರವಾದ ನೀರು ಮೇಲೆಯೇ ನಿಂತು ಕುದಿದು ಆಮ್ಲವನ್ನು ಮುಖಕ್ಕೆ ಸಿಡಿಸುತ್ತದೆ. ದಯವಿಟ್ಟು ಇದನ್ನು ಮರೆಯಬೇಡಿ.

ಉಪಯೋಗ ಅಂದರೆ ಎಲ್ಲಕ್ಕಿಂತ ಮೊದಲು ಗೊಬ್ಬರ. ಶಿಲಾರಂಜಕದ (ರಾಕ್ ಫಾಸ್ಫೇಟ್) ಮೇಲೆ ಈ ಆಮ್ಲ ಹಾಕಿದರೆ ಫಾಸ್ಫಾರಿಕ್ ಆಮ್ಲ ಬರುತ್ತದೆ, ಜಿಪ್ಸಂ ಉಳಿಯುತ್ತದೆ. ಆ ಫಾಸ್ಫಾರಿಕ್ ಆಮ್ಲಕ್ಕೆ ಅಮೋನಿಯಾ ಸೇರಿಸಿದರೆ ನಮ್ಮ ರೈತರು ಕೊಳ್ಳುವ ಡಿಎಪಿ. ಇನ್ನೊಂದು, ಬ್ಯಾಟರಿ: ಪೂರ್ತಿ ಚಾರ್ಜ್ ಆದ ಕಾರಿನ ಬ್ಯಾಟರಿಯಲ್ಲಿ ಆಮ್ಲದ ಸಾಪೇಕ್ಷ ಸಾಂದ್ರತೆ (ನೀರಿಗೆ ಹೋಲಿಸಿದ ಸಾಂದ್ರತೆ) ಸುಮಾರು 1.28. ಚಾರ್ಜ್ ಇಳಿದಂತೆ ಆಮ್ಲ ಖರ್ಚಾಗಿ ನೀರು ಹುಟ್ಟುವುದರಿಂದ ಅದೂ ಇಳಿಯುತ್ತದೆ.