ಎರಡು ಶಕ್ತಿಗಳು ಒಂದೇ ಕಡೆ ಬಂದಾಗ ಲೆಕ್ಕ ಹೇಗೆ?

ಕಲಬುರಗಿಯ ಒಂದು ಗುಂಪು ಬೀದರ್ ಕೋಟೆಯನ್ನೇ ಕಥೆಯ ನೆಲ ಮಾಡಿಕೊಂಡು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ದಾಳ ಎಸೆದು ಕಥೆಯ ಪಾತ್ರಗಳನ್ನು ಆಡುವ ಆಟ) ಆಡುತ್ತಿದೆ ಎಂದುಕೊಳ್ಳಿ. ನಿಯಮ 2014ರ ಐದನೇ ಆವೃತ್ತಿಯದು. ಗುಂಬದ್ ದರ್ವಾಜಾದ ಕಲ್ಲುಗೆಲಸ ಯಾರ ಕಾಲದ್ದೆಂದು ಡ್ವಾರ್ಫ್ (ಕುಳ್ಳರ ಜನಾಂಗದ) ಪಾತ್ರ ನೋಡುತ್ತದೆ. ಲೆವೆಲ್ 5, ಪ್ರೊಫಿಷಿಯನ್ಸಿ ಬೋನಸ್ (ಪಾತ್ರ ಪಳಗಿದ ಕೆಲಸದಲ್ಲಿ ದಾಳದ ಎಸೆತಕ್ಕೆ ಸೇರುವ ಅಂಕ) 3. ಡ್ವಾರ್ಫ್‌ನ ಸ್ಟೋನ್‌ಕನ್ನಿಂಗ್ (ಕಲ್ಲುಗೆಲಸದ ತಿಳಿವು) ಅದನ್ನು ಇಮ್ಮಡಿ ಮಾಡುತ್ತದೆ. ರೋಗ್ ಕ್ಲಾಸ್‌ನವನಾಗಿ (ಕ್ಲಾಸ್ ಎಂದರೆ ಪಾತ್ರದ ಕಸುಬು; ರೋಗ್ ಗುಟ್ಟಾಗಿ ಕೆಲಸ ಮಾಡುವವನು) ಇತಿಹಾಸ ಕೌಶಲದಲ್ಲಿ ಪಡೆದ ಎಕ್ಸ್‌ಪರ್ಟೀಸ್ (ಪರಿಣತಿ) ಕೂಡ ಇಮ್ಮಡಿಯೇ. "ಎರಡೂ ನನ್ನವೇ ಅದಾವಲ್ಲ, ಎರಡೂ ಕೂಡಿಸ್ರಿ" ಎಂದು ಆಟಗಾರ 12 ಕೇಳುತ್ತಾನೆ. ಸಿಗುವುದು 6 ಮಾತ್ರ. ಒಂದು ಪರೀಕ್ಷೆಯಲ್ಲಿ ಈ ಬೋನಸ್ ಒಮ್ಮೆ ಮಾತ್ರ ಇಮ್ಮಡಿಯಾಗುತ್ತದೆ.

ಇಂಥ ತಕರಾರು ಬಂದಾಗ ಮೊದಲು ನೋಡಬೇಕಾದದ್ದು ಒಂದೇ: ಆ ಶಕ್ತಿ ಹೊಸ ಲೆಕ್ಕವನ್ನೇ ಕೊಡುತ್ತದೆಯೋ, ಇದ್ದ ಲೆಕ್ಕಕ್ಕೆ ಏನನ್ನಾದರೂ ಸೇರಿಸುತ್ತದೆಯೋ?

ಆರ್ಮರ್ ಕ್ಲಾಸ್‌ನಲ್ಲಿ (ಪಾತ್ರಕ್ಕೆ ಹೊಡೆತ ತಾಗಲು ಎದುರಾಳಿಯ ಎಸೆತ ಮುಟ್ಟಬೇಕಾದ ಅಂಕ) ಇದು ಚೆನ್ನಾಗಿ ಕಾಣುತ್ತದೆ. ಡೆಕ್ಸ್‌ಟೆರಿಟಿ (ಚುರುಕು) +2, ಕಾನ್‌ಸ್ಟಿಟ್ಯೂಷನ್ (ಮೈಗಟ್ಟು) +3 ಇರುವ ಬಾರ್ಬೇರಿಯನ್ ಕ್ಲಾಸ್‌ನವನಿಗೆ ಕವಚವಿಲ್ಲದೆ 10+2+3, ಅಂದರೆ 15. ಮೇಜ್ ಆರ್ಮರ್ ಮಂತ್ರ ಹಾಕಿದರೆ 13+2, ಅದೂ 15. ಇವೆರಡೂ ಪೂರ್ತಿ ಲೆಕ್ಕಗಳು, ಒಂದನ್ನು ಆರಿಸಿಕೊಳ್ಳಬೇಕು. ಕೈಯ ಗುರಾಣಿ ಮಾತ್ರ ಸೇರ್ಪಡೆ, ಆದ್ದರಿಂದ 17. ಅದರ ಮೇಲೆ ಶೀಲ್ಡ್ ಮಂತ್ರ +5 ಕೊಟ್ಟರೆ, ಪಾತ್ರದ ಮುಂದಿನ ಸರದಿ ಶುರುವಾಗುವವರೆಗೆ 22. ಮುಂದೆ ಅದೇ ಪಾತ್ರ ಮಾಂಕ್ ಕ್ಲಾಸ್‌ನ ಲೆವೆಲ್ ತೆಗೆದುಕೊಂಡರೆ ಮಾಂಕ್‌ನ ಅನ್‌ಆರ್ಮರ್ಡ್ ಡಿಫೆನ್ಸ್ (ಕವಚವಿಲ್ಲದಾಗಿನ ಲೆಕ್ಕ; ಅದರಲ್ಲಿ ಕಾನ್‌ಸ್ಟಿಟ್ಯೂಷನ್ ಬದಲು ವಿಸ್ಡಮ್, ಅಂದರೆ ವಿವೇಕ, ಸೇರುತ್ತದೆ) ಸಿಗುವುದೇ ಇಲ್ಲ. ಮೊದಲು ಬಂದದ್ದೇ ಉಳಿಯುತ್ತದೆ. ವಿಸ್ಡಮ್ ಹೆಚ್ಚಿರುವ ಪಾತ್ರ ಮಾಂಕ್ ಆಗಿಯೇ ಶುರು ಮಾಡುವುದು ಲೇಸು.

ಎಕ್ಸ್‌ಟ್ರಾ ಅಟ್ಯಾಕ್‌ನ (ಒಂದೇ ಸರದಿಯಲ್ಲಿ ಎರಡು ಹೊಡೆತ ಕೊಡುವ ಶಕ್ತಿ) ನಷ್ಟ ಇನ್ನೂ ದೊಡ್ಡದು. ಫೈಟರ್ 5, ಬಾರ್ಬೇರಿಯನ್ 5 ಎಂದು ಹತ್ತು ಲೆವೆಲ್ ಹಂಚಿದವನಿಗೂ ಎರಡೇ ಹೊಡೆತ. ಮೂರನೆಯದು ಫೈಟರ್ ಒಂದರಲ್ಲೇ 11 ಮುಟ್ಟಿದವನಿಗೆ.

ಒಂದೇ ಹೆಸರಿನ ಶಕ್ತಿ ಇಬ್ಬರಿಂದ ಬಂದರೂ ಒಂದೇ. ಇಬ್ಬರು ಕ್ಲೆರಿಕ್‌ಗಳು (ದೇವರ ಬಲದಿಂದ ಮಂತ್ರ ಹಾಕುವವರು) ಬ್ಲೆಸ್ ಮಂತ್ರ ಹಾಕಿದರೂ ಎಸೆತಕ್ಕೆ ಸೇರುವುದು ಒಂದು ಡಿ4 (ನಾಲ್ಕು ಮುಖದ ದಾಳ). ಬ್ಲೆಸ್ ಜೊತೆ ಬಾರ್ಡ್‌ನ (ಹಾಡುಗಾರ ಕ್ಲಾಸ್) ಇನ್‌ಸ್ಪಿರೇಷನ್ ದಾಳ ಬಂದರೆ ಹೆಸರು ಬೇರೆ, ಎರಡೂ ಸೇರುತ್ತವೆ. ಎರಡನೇ ಕ್ಲೆರಿಕ್ ತನ್ನ ಏಕಾಗ್ರತೆಯನ್ನು (ಅದು ಒಮ್ಮೆಗೆ ಒಂದೇ ಮಂತ್ರಕ್ಕೆ ಸಾಲುತ್ತದೆ) ಬೇರೆ ಮಂತ್ರಕ್ಕೆ ಇಟ್ಟುಕೊಳ್ಳಲಿ.

ಅಡ್ವಾಂಟೇಜ್ (ಎರಡು ದಾಳ ಎಸೆದು ಹೆಚ್ಚಿನದನ್ನು ಇಟ್ಟುಕೊಳ್ಳುವ ಅನುಕೂಲ) ಮೂರು ಕಡೆಯಿಂದ ಬಂದರೂ ಎಸೆಯುವುದು ಎರಡು ಡಿ20 (ಇಪ್ಪತ್ತು ಮುಖದ ದಾಳ). ಒಂದೇ ಒಂದು ಡಿಸ್‌ಅಡ್ವಾಂಟೇಜ್ (ಕಡಿಮೆಯದನ್ನು ಇಟ್ಟುಕೊಳ್ಳಬೇಕಾದ ಅನಾನುಕೂಲ) ಆ ಮೂರನ್ನೂ ಅಳಿಸುತ್ತದೆ. ಆಗ ರೋಗ್ ಆಡುವವರು ಸ್ನೀಕ್ ಅಟ್ಯಾಕ್ (ಅಡ್ವಾಂಟೇಜ್ ಇದ್ದಾಗ ಹೊಡೆತಕ್ಕೆ ಸೇರುವ ಹೆಚ್ಚುವರಿ ಪೆಟ್ಟು) ಹೋಯಿತೆಂದು ಕೈಬಿಡುತ್ತಾರೆ. ಅವಸರ ಬೇಡ. ಅಳಿಸಿಹೋದ ಮೇಲೆ ಪಾತ್ರಕ್ಕೆ ಎರಡೂ ಇಲ್ಲವೆಂದೇ ಲೆಕ್ಕ. ಗುರಿಯಿಂದ 5 ಅಡಿಯೊಳಗೆ ಹೋರಾಡುವ ಸ್ಥಿತಿಯಲ್ಲಿರುವ ಜೊತೆಗಾರನಿದ್ದು, ಕೈಯಲ್ಲಿ ಬಿಲ್ಲೋ ಫಿನೆಸ್ ಆಯುಧವೋ (ಬಲದ ಬದಲು ಚುರುಕಿನಿಂದ ಬೀಸಬಹುದಾದದ್ದು) ಇದ್ದರೆ ಸ್ನೀಕ್ ಅಟ್ಯಾಕ್ ನಡೆಯುತ್ತದೆ.

ಕ್ಯಾರೆಕ್ಟರ್ ಶೀಟ್‌ನಲ್ಲಿ ಬರೀ ಮೊತ್ತ ಬರೆಯಬೇಡಿ. 17ರ ಪಕ್ಕದಲ್ಲೇ 10+2+3+2, ಯಾವುದು ಎಲ್ಲಿಂದ ಬಂತು ಎಂದು ಬರೆಯಿರಿ. ಕ್ಲಾಸ್ ಮತ್ತು ಹಿನ್ನೆಲೆ ಎರಡೂ ಒಂದೇ ಕೌಶಲ ಕೊಟ್ಟಿದ್ದರೆ, ಅದರ ಬದಲಿಗೆ ಬೇರೊಂದು ಕೌಶಲ ಆರಿಸಿಕೊಳ್ಳುವ ಹಕ್ಕು ಆಟಗಾರನಿಗಿದೆ. ಪಾತ್ರ ಕಟ್ಟುವ ದಿನವೇ ಅದನ್ನು ತುಂಬಿಸಿ.