ದುಬೈ ಬ್ರಿಟಿಷರ ವಸಾಹತಾಗಿತ್ತೇ? ತೈಲಕ್ಕಾಗಿ ಬಂದವರೇ ಅವರು?

ಓದುಗರ ಪ್ರಶ್ನೆ: ದುಬೈ, ಅಬುಧಾಬಿ, ಶಾರ್ಜಾ ಮುಂತಾದ ಕೊಲ್ಲಿಯ ಸಂಸ್ಥಾನಗಳು ಕೂಡ ಭಾರತದಂತೆಯೇ ಬ್ರಿಟಿಷರ ವಸಾಹತುಗಳಾಗಿದ್ದವೇ? ತೈಲದ ಆಸೆಗಾಗಿಯೇ ಅಲ್ಲವೇ ಅವರು ಅಲ್ಲಿ ಕಾಲೂರಿದ್ದು?

ಉತ್ತರ: ಮಂಗಳೂರು, ಉಡುಪಿ, ಭಟ್ಕಳಗಳ ಮನೆಮನೆಗೂ ಕೊಲ್ಲಿಯ ನಂಟು ಇರುವುದರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುವುದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವಿರುವುದು, ಎಷ್ಟು ಸಲ ಉತ್ತರಿಸಿದರೂ ಅದರ ಎರಡನೆಯ ವಾಕ್ಯ ಕೂದಲೂ ಕೊಂಕದೆ ಹಿಂದಿರುಗಿ ಬರುವುದರಲ್ಲಿ.

ಮೊದಲ ಭಾಗವನ್ನು ಬೇಗ ಮುಗಿಸೋಣ. ಅವು ವಸಾಹತುಗಳಾಗಿರಲಿಲ್ಲ, ಒಪ್ಪಂದಗಳ ಮೂಲಕ ಬ್ರಿಟಿಷರ ರಕ್ಷಣೆಗೆ ಒಳಪಟ್ಟ ಸಂಸ್ಥಾನಗಳಾಗಿದ್ದವು. ಊರಿನ ಆಡಳಿತ, ಸುಂಕ, ನ್ಯಾಯತೀರ್ಮಾನ ಶೇಖ್‌ಗಳ ಕೈಯಲ್ಲಿದ್ದವು, ಹೊರದೇಶಗಳೊಂದಿಗಿನ ವ್ಯವಹಾರ ಬ್ರಿಟಿಷರ ಕೈಯಲ್ಲಿತ್ತು. ಅರಬ್ ಕರಾವಳಿಯಲ್ಲಿ ನಿಜವಾದ ವಸಾಹತು ಹೇಗಿತ್ತೆಂದು ತಿಳಿಯಬೇಕಿದ್ದರೆ ಏಡನ್ ಬಂದರನ್ನು ನೋಡಬೇಕು. 1839ರಲ್ಲಿ ಕ್ಯಾಪ್ಟನ್ ಹೇನ್ಸ್ ಅದನ್ನು ಯುದ್ಧದಿಂದಲೇ ವಶಪಡಿಸಿಕೊಂಡ ಮೇಲೆ, 1937ರಲ್ಲಿ ಲಂಡನ್ನಿನ ನೇರ ಆಡಳಿತಕ್ಕೆ ಸೇರುವವರೆಗೂ ಅದು ಬ್ರಿಟಿಷ್ ಭಾರತದ ಭಾಗವಾಗಿಯೇ ಇತ್ತು. ದುಬೈಗೆ ಅಂಥ ಗತಿ ಎಂದೂ ಬರಲಿಲ್ಲ.

ಈಗ ತೈಲದ ವಿಷಯ. ಕೊಲ್ಲಿಯ ಅರಬ್ ದೊರೆಗಳೊಂದಿಗೆ ಬ್ರಿಟಿಷರು ನಡೆಸಿದ ರಾಜತಾಂತ್ರಿಕ ವ್ಯವಹಾರವೆಲ್ಲ ತೈಲದ ಸುತ್ತ ಹೆಣೆದದ್ದು ಎನ್ನುವವರು ಇಸವಿಗಳನ್ನು ಒಂದರ ಕೆಳಗೊಂದು ಬರೆದುಕೊಂಡರೆ ಸಾಕು, ವಾದಿಸುವ ಅಗತ್ಯವೇ ಬೀಳುವುದಿಲ್ಲ. ಮಸ್ಕತ್ತಿನ ದೊರೆ ಸುಲ್ತಾನ್ ಬಿನ್ ಅಹ್ಮದ್ ಈಸ್ಟ್ ಇಂಡಿಯಾ ಕಂಪನಿಗೆ ಕೌಲುನಾಮೆ ಬರೆದುಕೊಟ್ಟದ್ದು 1798ರ ಅಕ್ಟೋಬರಿನಲ್ಲಿ. ಆ ವರ್ಷ ನೆಪೋಲಿಯನ್ ಈಜಿಪ್ಟಿಗೆ ಬಂದಿಳಿದಿದ್ದ, ಇತ್ತ ಟಿಪ್ಪು ಸುಲ್ತಾನ ಫ್ರೆಂಚರ ನೆರವಿಗೆ ಕಾದಿದ್ದ. ಮೈಸೂರಿನ ವ್ಯಾಪಾರದ ಕೋಠಿಯೊಂದು ಮಸ್ಕತ್ತಿನಲ್ಲೇ ಇದ್ದು, ನಮ್ಮ ಕರಾವಳಿಯ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. ಫ್ರೆಂಚರಿಗೆ ಮಸ್ಕತ್ತಿನಲ್ಲಿ ನೆಲೆ ಸಿಗದಂತೆ ನೋಡಿಕೊಳ್ಳುವುದೇ ಆ ಕೌಲಿನ ಉದ್ದೇಶ. ಕಂಪನಿಯ ಕಣ್ಣಿದ್ದದ್ದು ಶ್ರೀರಂಗಪಟ್ಟಣದ ಮೇಲೆ, ಮರಳಿನ ಅಡಿಯಲ್ಲಿ ಏನಿದೆ ಎಂಬುದರ ಮೇಲಲ್ಲ.

ಮುಂದಿನ ಹೆಜ್ಜೆ 1820ರ ಸಾಮಾನ್ಯ ಒಪ್ಪಂದ. 1819ರ ಡಿಸೆಂಬರಿನಲ್ಲಿ ಮುಂಬಯಿಯಿಂದ ಬಂದ ಸೇನೆ ಮೇಜರ್ ಜನರಲ್ ವಿಲಿಯಂ ಕೇರ್ ಗ್ರಾಂಟನ ನೇತೃತ್ವದಲ್ಲಿ ರಾಸ್ ಅಲ್ ಖೈಮಾವನ್ನು ಗೆದ್ದುಕೊಂಡಿತು. ಕಡಲ್ಗಳ್ಳರನ್ನು ಹತ್ತಿಕ್ಕುವುದಕ್ಕೆಂದು ಕಂಪನಿ ಹೇಳಿಕೊಂಡಿತು. ರಾಸ್ ಅಲ್ ಖೈಮಾವನ್ನು ಆಳುತ್ತಿದ್ದ ಕವಾಸಿಮ ಕುಲದವರನ್ನು ಹಾಗೆ ಕರೆದದ್ದು ಎಷ್ಟು ಸರಿ ಎಂಬ ಚರ್ಚೆ ಇತಿಹಾಸಕಾರರಲ್ಲಿ ಇಂದಿಗೂ ನಡೆದಿದೆ. ನಾವು ಗಮನಿಸಬೇಕಾದದ್ದು, ಹೀಗೆ ಗೆದ್ದ ಮೇಲೆ ಅವರು ಕೇಳಿದ್ದೇನು ಎಂಬುದನ್ನು. ಒಪ್ಪಂದಕ್ಕೆ ಸೇರಿದ ಅರಬರ ಹಡಗುಗಳು ಬಿಳಿ ಅಂಚಿನ ಕೆಂಪು ಬಾವುಟ ಹಾರಿಸಬೇಕು, ಬಿಳಿಯ ಅಗಲ ಕೆಂಪಿನ ಅಗಲಕ್ಕೆ ಸಮನಾಗಿರಬೇಕು. ಪ್ರತಿ ಹಡಗಿನಲ್ಲೂ ಅದರ ಉದ್ದ, ಅಗಲ, ಹೊರುವ ಭಾರ ನಮೂದಿಸಿ ಶೇಖ್ ಸಹಿ ಮಾಡಿದ ಪತ್ರವಿರಬೇಕು. ಜೊತೆಗೆ ಒಡೆಯ ಯಾರು, ನಾಖುದಾ (ಹಡಗಿನ ಮುಖ್ಯಸ್ಥ) ಯಾರು, ಜನರೆಷ್ಟು, ಆಯುಧಗಳೆಷ್ಟು, ಎಲ್ಲಿಂದ ಯಾವಾಗ ಹೊರಟು ಎಲ್ಲಿಗೆ ಹೋಗುತ್ತಿದೆ ಎಂಬ ರಹದಾರಿಯೂ ಇರಬೇಕು. ಮನುಷ್ಯರನ್ನು ಹಿಡಿದೊಯ್ದು ಗುಲಾಮರಾಗಿ ಸಾಗಿಸುವುದನ್ನು ದರೋಡೆಯೆಂದೇ ಎಣಿಸಲಾಗುವುದು. ಇವೆಲ್ಲವೂ ಸಮುದ್ರದ ಕಾನೂನುಗಳು. ಗೆದ್ದ ಪಟ್ಟಣವನ್ನು ಕೂಡ ಅವರು ಅದೇ ವರ್ಷ ತೆರವು ಮಾಡಿ ಹೊರಟರು. ನೆಲ ಬೇಕಿದ್ದವರು ಕೈಗೆ ಸಿಕ್ಕ ನೆಲವನ್ನು ಬಿಟ್ಟು ಹೋಗುವುದುಂಟೇ?

ಅನಂತರ ಬಂದದ್ದು ಮುತ್ತು. ಬೇಸಿಗೆಯಲ್ಲಿ ಇಡೀ ಕರಾವಳಿಯ ಗಂಡಸರು ಮುತ್ತಿನ ಬೇಟೆಗೆ ಕಡಲಿಗಿಳಿಯುತ್ತಿದ್ದರು. ಮುಳುಗುವವನು ಕಾಲಿಗೆ ಕಲ್ಲಿನ ಭಾರ ಕಟ್ಟಿಕೊಂಡು ತಳಕ್ಕಿಳಿದರೆ, ಮೇಲಿದ್ದವನು ಹಗ್ಗ ಹಿಡಿದು ಅವನನ್ನು ಎಳೆದುಕೊಳ್ಳುತ್ತಿದ್ದ. ಆ ಹೊತ್ತಿನಲ್ಲಿ ಎರಡು ಬಣಗಳು ಕಡಲಲ್ಲಿ ಕಾದಾಡಿದರೆ ಎಲ್ಲರ ವರ್ಷದ ಗಳಿಕೆಯೂ ಹಾಳು. ಆದ್ದರಿಂದ 1835ರಲ್ಲಿ ಕೊಲ್ಲಿಯ ಬ್ರಿಟಿಷ್ ಅಧಿಕಾರಿ ಸ್ಯಾಮ್ಯುಯೆಲ್ ಹೆನೆಲ್ ಮುತ್ತಿನ ಋತುವಿಗಷ್ಟೇ ಕದನವಿರಾಮ ಮಾಡಿಸಿದ. ಅದು ಶೇಖ್‌ಗಳಿಗೂ ಹಿಡಿಸಿ, ಮತ್ತೆ ಮತ್ತೆ ನವೀಕರಣಗೊಂಡು, 1843ರಲ್ಲಿ ಹತ್ತು ವರ್ಷಗಳಿಗೆ ವಿಸ್ತರಿಸಿ, 1853ರಲ್ಲಿ ಶಾಶ್ವತ ಸಾಗರ ಶಾಂತಿಯ ಒಪ್ಪಂದವಾಯಿತು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಡ್ರೇಕ್ ತನ್ನ ಪ್ರಸಿದ್ಧ ತೈಲಬಾವಿಯನ್ನು ಕೊರೆದದ್ದು 1859ರಲ್ಲಿ. ಒಪ್ಪಂದ ಶಾಶ್ವತವಾಗಿ ಆರು ವರ್ಷ ಕಳೆದ ಮೇಲೆ ಎಂಬುದನ್ನು ದಯವಿಟ್ಟು ಗಮನಿಸಿ.

ಎಲ್ಲಕ್ಕಿಂತ ಬಿಗಿಯಾದ ಕರಾರು 1892ರದು. ಬ್ರಿಟಿಷ್ ಸರ್ಕಾರವನ್ನು ಬಿಟ್ಟು ಬೇರೆ ಯಾವ ಸರ್ಕಾರದೊಂದಿಗೂ ಒಪ್ಪಂದವನ್ನಾಗಲಿ ಪತ್ರವ್ಯವಹಾರವನ್ನಾಗಲಿ ಮಾಡುವುದಿಲ್ಲ, ಅನ್ಯ ಸರ್ಕಾರದ ಪ್ರತಿನಿಧಿಗೆ ವಾಸಕ್ಕೆ ಅನುಮತಿ ಕೊಡುವುದಿಲ್ಲ, ನೆಲದ ಯಾವ ಭಾಗವನ್ನೂ ಇತರರಿಗೆ ಮಾರುವುದಿಲ್ಲ, ಅಡವಿಡುವುದಿಲ್ಲ ಎಂದು ಶೇಖ್‌ಗಳು ಬರೆದುಕೊಟ್ಟರು. ಅದರ ಹಿಂದಿದ್ದದ್ದು ಫ್ರೆಂಚರ, ತುರ್ಕರ, ರಷ್ಯನ್ನರ ಭಯ, ಮತ್ತು ಭಾರತದ ಅಂಚೆ ಹಡಗುಗಳೂ ತಂತಿಯೂ ಹಾದುಹೋಗುತ್ತಿದ್ದ ದಾರಿಯ ಕಾವಲು. ಆ ಪ್ರದೇಶದಲ್ಲಿ ತೈಲ ಮೊದಲು ಚಿಮ್ಮಿದ್ದು 1908ರಲ್ಲಿ, ಅದೂ ಎದುರು ದಡದ ಇರಾನಿನಲ್ಲಿ. ಬಹ್ರೇನಿನಲ್ಲಿ ಸಿಕ್ಕಿದ್ದು 1932ರಲ್ಲಿ, ಅಬುಧಾಬಿಯಲ್ಲಿ 1958ರಲ್ಲಿ, ದುಬೈಯಲ್ಲಿ 1966ರಲ್ಲಿ. ತೈಲಕ್ಕೆ ಪಾತ್ರವೇ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಬ್ರಿಟಿಷರು ಒಪ್ಪಿದವರಿಗಲ್ಲದೆ ಮತ್ತಾರಿಗೂ ತೈಲದ ಗುತ್ತಿಗೆ ಕೊಡುವುದಿಲ್ಲವೆಂದು 1922ರಲ್ಲಿ ಶೇಖ್‌ಗಳಿಂದ ಮುಚ್ಚಳಿಕೆ ಪಡೆದದ್ದು ನಿಜ. ಆದರೆ ಬೀಗ ಜಡಿದು ಮೂವತ್ತು ವರ್ಷವಾಗಿತ್ತು.

ವಸಾಹತಲ್ಲ ಎಂದ ಮಾತ್ರಕ್ಕೆ ಸಂಬಂಧ ಸೌಮ್ಯವಾಗಿತ್ತೆಂದು ತಿಳಿಯಬಾರದು. 1903ರ ನವೆಂಬರಿನಲ್ಲಿ ವೈಸರಾಯ್ ಕರ್ಜನ್ ಶಾರ್ಜಾದ ಎದುರು ಲಂಗರು ಹಾಕಿದ್ದ ಆರ್ಗೊನಾಟ್ ಯುದ್ಧನೌಕೆಯ ಮೇಲೆ ಶೇಖ್‌ಗಳಿಗೆ ದರ್ಬಾರು ನಡೆಸಿ, ನಿಮ್ಮ ನೆಲವನ್ನು ನಾವು ಕಿತ್ತುಕೊಂಡಿಲ್ಲ, ನಿಮ್ಮ ಸ್ವಾತಂತ್ರ್ಯವನ್ನು ಕಾಪಾಡಿದ್ದೇವೆ ಎಂಬ ಅರ್ಥದಲ್ಲಿ ಭಾಷಣ ಮಾಡಿದ. ಏಳು ವರ್ಷ ಕಳೆದು, 1910ರ ಡಿಸೆಂಬರಿನಲ್ಲಿ, ಹೈಯಸಿಂತ್ ನೌಕೆಯವರು ಕಳ್ಳಸಾಗಣೆಯ ಬಂದೂಕುಗಳನ್ನು ಹುಡುಕಲು ದುಬೈಯಲ್ಲಿ ಇಳಿದಾಗ ಘರ್ಷಣೆಯಾಗಿ ಊರಿನ ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಕೊನೆಗೆ ದಂಡ ತೆರಬೇಕಾದದ್ದೂ ದುಬೈಯೇ.

ಇಲ್ಲಿಗೆ ನಿಲ್ಲಿಸಬಹುದಿತ್ತು, ಆದರೆ ಯಾರೂ ಕೇಳದ ಇನ್ನೊಂದು ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡಿದೆ. ಇರಾನಿನ ಬಂದರು ಬುಶೈರಿನಲ್ಲಿ ಕುಳಿತು ಈ ವ್ಯವಹಾರ ನೋಡಿಕೊಳ್ಳುತ್ತಿದ್ದ ರೆಸಿಡೆಂಟ್, ಮೈಸೂರಿನಲ್ಲಿದ್ದ ರೆಸಿಡೆಂಟನಂತೆಯೇ, ಬ್ರಿಟಿಷ್ ಭಾರತದ ನೌಕರ. 1873ರವರೆಗೆ ಅವನು ಮುಂಬಯಿ ಸರ್ಕಾರಕ್ಕೂ ಅನಂತರ ಭಾರತ ಸರ್ಕಾರಕ್ಕೂ ಉತ್ತರ ಕೊಡಬೇಕಿತ್ತು. ಹಾಗಿದ್ದಮೇಲೆ 1947ರಲ್ಲಿ ಮೈಸೂರಿನ ಮುಂದೆ ಬಂದು ನಿಂತ ವಿಲೀನದ ಪ್ರಶ್ನೆ ದುಬೈಯ ಮುಂದೆ ಏಕೆ ಬರಲಿಲ್ಲ? ಸ್ವಾತಂತ್ರ್ಯಕ್ಕೆ ಕೆಲವೇ ತಿಂಗಳ ಮುಂಚೆ ಲಂಡನ್ ಈ ಹೊಣೆಯನ್ನು ದೆಹಲಿಯಿಂದ ತನ್ನ ಕೈಗೆ ತೆಗೆದುಕೊಂಡಿತು ಎಂಬುದೇ ಉತ್ತರ. ಆಡಳಿತದ ಕೊಂಡಿ ಕಳಚಿತು, ಆದರೆ ನಾಣ್ಯದ್ದು ಉಳಿಯಿತು. ಅಂಗಡಿಯ ಲೆಕ್ಕ ರೂಪಾಯಿಯಲ್ಲೇ ನಡೆಯುತ್ತಿತ್ತು. ಚಿನ್ನದ ಕಳ್ಳಸಾಗಣೆಯಿಂದ ಬೇಸತ್ತ ಭಾರತ 1959ರಲ್ಲಿ ಕೊಲ್ಲಿಗೆಂದೇ ಬೇರೆ ಬಣ್ಣದ, ಕ್ರಮಸಂಖ್ಯೆಯ ಮೊದಲಿಗೆ ಝಡ್ ಅಕ್ಷರವಿದ್ದ ನೋಟುಗಳನ್ನು ಹೊರಡಿಸಿತು. 1966ರ ಜೂನ್‌ನಲ್ಲಿ ರೂಪಾಯಿಯ ಅಪಮೌಲ್ಯವಾದಾಗ ದುಬೈ, ಅಬುಧಾಬಿಗಳು ಅದನ್ನು ಕೈಬಿಟ್ಟವು. ಒಮಾನ್ ಮಾತ್ರ 1970ರವರೆಗೂ ಬಳಸಿತು.